ಸೋನಾಬಾಯಿಯ ಮೂರನೇ ಕೈ

ಸೊಲ್ಲಾಪುರದಾಗ ಸಾತಲಿಂಗಪ್ಪ ಟಾವೆಲ್‌ನವರ ಅಂಗಡಿ ಎಲ್ಲದ ಅಂತ ಯಾವ ಆಟೋದವನ್ನರ ಕೇಳ್ರಿ, ಅಂಗಡಿ ಮುಟ್ಟೂದರಾಗ ಅಂವ ನನ್ನ ಎರಡು ಸುಳ್ಳ ಹೇಳಿ ಮುಗಿಸಿರ್ತಾನ. ನಮ್ಮಪ್ಪ ನೇಯ್ಸಿದ ಒಂದು ಟಾವೆಲ್ ಕೈತಪ್ಪಿ ಸಿದ್ಧೇಶ್ವರ ಕೆರ್ಯಾಗ ಬಿತ್ತು. ಕೆರಿ ನೀರೆಲ್ಲಾ ಹೀರಿಬಿಡ್ತು. ಮೀನ ಒಣ ನೆಲದ ಮ್ಯಾಲೆ ಪಟಪಟ ಅನ್ನಾಕ ಹತ್ತಿದ್ದೂ. ಆಮ್ಯಾಲೆ ಹನ್ನೆರಡು ಪೈಲವಾನರು ಕೂಡಿ ಟಾವೆಲ್ ಹಿಂಡಿ ಕೆರಿ ತುಂಬಿಸಿದ್ರು. ಆ ಸಾತಲಿಂಗಪ್ಪ ನಾನೇ, ಈ ಕಥಿನೂ ನಂದೇ. ನನ್ನ ಹೇಣ್ತಿ ಲೀಲಾಬಾಯಿ ಅಂತಾಳ, "ಗಾಡಿಗೆ ಹಾಕಿಸಿದಂಗ ನಿಮ್ಮ ಬಾಯಿಗೂ ಒಂದು ಬ್ರೇಕ್ ಹಾಕಸ್ರಿ." ಐವತ್ತೊಂದು ವರ್ಷದಿಂದ ಅನ್ನಾಕತ್ತಾಳ. ಗ್ಯಾರೇಜ್ ಇನ್ನೂ ಸಿಕ್ಕಿಲ್ಲ.

ಆದ್ರ ಈಗ ಬರಿಯಾಕತ್ತಿದ್ದು ಸೋನಾಬಾಯಿ ಸುದ್ದಿ. ಆಕಿಗೆ ಓದಾಕ ಬರೂದಿಲ್ಲ, ಯಾರರ ಓದಿ ಹೇಳಿದ್ರ ಹೆಚ್ಚಾದದ್ದು ಎಲ್ಲಿ, ಕಡಿಮಿ ಆದದ್ದು ಎಲ್ಲಿ ಅಂತ ಥಟ್ಟನ ಹಿಡೀತಾಳ. ಅದಕ್ಕ ಅಳದು ಬರೀತೀನಿ.

ಸೋನಾಬಾಯಿ ನಮ್ಮ ಊರಿನ ಒಂದು ದೊಡ್ಡ ದವಾಖಾನ್ಯಾಗ ಮಾವಶಿ. ಆಯಾ ಕೆಲಸ ಮಾಡೂ ಹೆಣ್ಣಮಕ್ಕಳಿಗೆ ಇಲ್ಲಿ ಎಲ್ಲಾರೂ ಮಾವಶಿ ಅಂತಾರ, ಅಂದ್ರ ಚಿಗವ್ವ. ಹುಟ್ಟಿದ್ದು ಅಕ್ಕಲಕೋಟಿ ತಾಲೂಕಿನ ಕುರನೂರಾಗ, ಡ್ಯಾಮಿನ ಮಗ್ಗಲಕ್ಕ. ಸೊಲ್ಲಾಪುರಕ್ಕ ಕೊಟ್ರು. ಗಂಡ ತುಕಾರಾಮ ಪಾವರ್‌ಲೂಮಿನಾಗ ದುಡದು ದುಡದು ಕಿವುಡಾಗ್ಯಾನ. ಅವಗ ಕೇಳಸ್ಲಿ ಅಂತ ಮಾತಾಡಿ ಮಾತಾಡಿ ಈಕಿ ಧ್ವನಿ ಹೆಂಗಾಗೇದ ಅಂದ್ರ, ಮನ್ಯಾಗ "ಚಾ ಕುಡೀರಿ" ಅಂದ್ರ ಓಣಿ ಮಂದಿ ಎಲ್ಲಾ ಕಪ್ಪು ತಗೊಂಡು ಬರ್ತಾರ. ಹದಿನಾರು ವರ್ಷ ಬೀಡಿ ಕಟ್ಟಿದ್ಳು. ಆಕಿ ಸುತ್ತಿದ ಬೀಡಿ ನೀರಾಗ ಮುಳುಗಿ ಸೇದಿದ್ರೂ ಆರೂದಿಲ್ಲ ಅಂತ ನಾ ಹೇಳಾಂವ. ಅಳದು ಬರೀತೀನಿ ಅಂದಿದ್ನೆಲ್ಲ, ಇದೊಂದು ಬಿಡ್ರಿ. ಕೈಬಟ್ಟು ಮಾತ್ರ ಖರೇನ ಘಟ್ಟಿ.

ದವಾಖಾನ್ಯಾಗ ಆಕಿ ಇರೂದು ಕ್ಯಾಜುವಲ್ಟ್ಯಾಗ. ಅಪಘಾತ ಆಗಿ ಬಂದವರನ್ನ ಮೊದಲ ಇಳಿಸ್ಕೊಳ್ಳೂ ಕ್ವಾಣಿ ಅದು. ಅಲ್ಲಿ ಆಕಿ ಕೆಲಸ ಮೂರು. ಸ್ಟ್ರೆಚರ್ ದಬ್ಬೂದು, ಮೈಮ್ಯಾಲಿನ ಬಟ್ಟಿ ಕತ್ತರಸೂದು, ಒತ್ತಂದಲ್ಲಿ ಒತ್ತಿ ಹಿಡಿಯೂದು. ನಾ ಬಟ್ಟಿ ವ್ಯಾಪಾರದವ, ನಲವತ್ತೆಂಟು ವರ್ಷ ಕತ್ತರಿ ಹಿಡಿದೀನಿ, ಆದ್ರ ಆಕಿ ಕತ್ತರಿ ಓಡಿದಂಗ ಓಡಿದ್ದು ನೋಡಿಲ್ಲ. ಮೂತಿ ಮೊಂಡ ಇರೂ ಕತ್ತರಿ. ಕಾಲಿನ ತುದಿಗೆ ಹಚ್ಚಿದ್ರ ಜೀನ್ಸ್ ಪ್ಯಾಂಟು ಸೊಂಟದ ತನಕ ಸೌತಿಕಾಯಿ ಹೋಳಾದಂಗ ಎರಡಾಗ್ತದ. ಹೊಸಾ ಬಟ್ಟಿ ಹಾಳ ಮಾಡ್ತಾಳ ಅಂತ ಮಂದಿ ಬೈತಾರ. ಬಟ್ಟಿ ಕೆಳಗ ಮುಚ್ಚಿಕೊಂಡ ಗಾಯಾನೇ ಮನಿಷ್ಯಾನ ಜೀವಾ ತಗೀತದ ಅಂತ ಡಾಕ್ಟರು ಆಕಿಗೆ ಕಲಿಸ್ಯಾರ.

ಹೋದ ವರ್ಷ ಕಬ್ಬಿನ ಸೀಜನ್ನು. ನಾನು, ನನ್ನ ಮಗ ಸೋಮೇಶ, ಇಬ್ಬರೂ ಮೋಟರ್‌ಸೈಕಲ್ ಮ್ಯಾಲೆ ಅಕ್ಕಲಕೋಟಿಗೆ ಹೋಗಿದ್ವಿ. ಅಲ್ಲಿ ಒಂದು ಯಾತ್ರಿ ನಿವಾಸಕ್ಕ ಟಾವೆಲ್ಲಿನ ನಮೂನಿ ತೋರಿಸಿ ಹೊಳ್ಳಿ ಬರಾಕತ್ತಿದ್ವಿ. ಮಧ್ಯಾಹ್ನ ಎರಡರ ಬಿಸಲು. ವಳಸಂಗ ದಾಟಿದ ಮ್ಯಾಲೆ ಮುಂದ ಒಂದು ಟ್ರ್ಯಾಕ್ಟರ್, ಹಿಂದ ಎರಡು ಟ್ರಾಲಿ ಕಬ್ಬು. ಸೋಮೇಶ ಮುಂದ ಹೋಗಾಕ ನೋಡಿದ. ಹಿಂದಿನ ಟ್ರಾಲಿ ಬಾಲಾ ಬೀಸಿದಂಗ ಬೀಸಿತು.

ನಾ ಮಂದಿಗೆ ಹೇಳಿದ್ದು ಹಿಂಗ: "ನಾ ಹಾರಿ ಹೋಗಿ ಟ್ರಾಲಿ ಮ್ಯಾಲೆ ಕಬ್ಬಿನ ಗಾದ್ಯಾಗ ಕುಂತ್ಯಾ. ಟ್ರ್ಯಾಕ್ಟರ್ ನಿಲ್ಲೂದರಾಗ ಒಂದು ಕಬ್ಬು ಸಿಗದು ತಿಂದಿದ್ಯಾ." ಖರೇ ಹೇಳಬೇಕಂದ್ರ ಜಾಲಿ ಕಂಟ್ಯಾಗ ಬಿದ್ದಿದ್ಯಾ. ತಲಿಗೆ ಕಲ್ಲು ಬಡದಿತ್ತು. ಎದ್ದು ನೋಡಿದ್ರ ಸೋಮೇಶ ಟ್ರಾಲಿ ಗಾಲಿ ಮಗ್ಗಲಕ್ಕ ಬಿದ್ದಾನ. ಟ್ರಾಲಿಯ ಯಾವುದೋ ಕಬ್ಬಿಣ ಬಲಗಡಿ ತೊಡಿ ಸೀಳಿ ಹೋಗಿತ್ತು. ಡಾಂಬರ್ ಮ್ಯಾಲೆ ರಕ್ತ ಹರದು ಕಬ್ಬಿನ ಸಿಪ್ಪಿ ತೇಲಾಕತ್ತಿದ್ದೂ.

ನೂರಾ ಎಂಟರ ಆ್ಯಂಬುಲೆನ್ಸ್ ಗಾಡಿ ಬಂತು. ಅದರೊಳಗಿನ ಡಾಕ್ಟರು ತೊಡಿಗೆ ಬಿಗದು ಪಟ್ಟಿ ಕಟ್ಟಿದ್ರು. ಕೊಳ್ಳು ಅಳಗ್ಯಾಡಬಾರದು ಅಂತ ಪಟ್ಟಾ ಹಾಕಾಕ ಹೋದ್ರು. ಸೋಮೇಶನ ಕೊಳ್ಳಾಗ ಶಿವದಾರ, ದಾರಕ್ಕ ಬೆಳ್ಳಿ ಕರಡಗಿ, ಅದರಾಗ ಇಷ್ಟಲಿಂಗ. ಡಾಕ್ಟರು ಕತ್ತರಿ ತಗದ್ರು.

"ಏ, ಕತ್ತರಿ ಹಚ್ಚಬ್ಯಾಡ್ರಿ!" ನಾ ಅವರ ಕೈ ಹಿಡದ್ಯಾ. ನಮ್ಮಲ್ಲಿ ಲಿಂಗ ಮೈಬಿಟ್ಟು ಇರಬಾರದು, ನೆಲಕ್ಕ ಇಡಬಾರದು, ಮಂದಿ ಕೈಗೆ ಕೊಡಬಾರದು. ನಾನೇ ಗಂಟ ಬಿಚ್ಚಿ ತಗದ್ಯಾ. ತಗದದ್ದು, ಎಲ್ಲಿಟ್ಯಾ ಅನ್ನೂದು, ಎರಡೂ ಮರುದಿನದ ತನಕ ನೆನಪಾಗಲೇ ಇಲ್ಲ. ತಲಿಗೆ ಪೆಟ್ಟು ಬಿದ್ರ ಅಷ್ಟು ಹೊತ್ತಿನದ್ದು ಅಳಿಸಿ ಹೋಗ್ತದಂತ, ಡಾಕ್ಟರು ಹೇಳಿದ್ರು. ಮರತದ್ದು ತಲಿ ತಪ್ಪು, ಒಪ್ಪಿದ್ಯಾ. ಮುಂದ ಆಗಿದ್ದು ತಲಿದಲ್ಲ.

ದವಾಖಾನಿ ಬಾಗಲಾಗ ಗಾಡಿ ನಿಂತಿತ್ತೋ ಇಲ್ಲೋ, ಒಬ್ಬ ಹೆಣ್ಣಮಗಳು ಸ್ಟ್ರೆಚರ್ ದಬ್ಬಿಕೊಂಡು ಓಡಿ ಬಂದ್ಳು. ಸೋನಾಬಾಯಿನ್ನ ನಾ ಮೊದಲ ನೋಡಿದ್ದು ಅವಾಗ. ಒಳಗ ಹೋಗೂದೇ ತಡಾ, ಐದಾರು ಮಂದಿ ಸೋಮೇಶನ ಸುತ್ತ ನಿಂತ್ರು. ಒಬ್ಬರು ತಲಿ ಕಡೆ ನಿಂತು ಉಸಿರು ನೋಡಿ ಆಕ್ಸಿಜನ್ ಹಚ್ಚಿದ್ರು. ಇಬ್ಬರು ಎರಡೂ ತೋಳಿಗೆ ಸೂಜಿ ಚುಚ್ಚಿ ಸಲಾಯಿನ್ ಏರಿಸಿದ್ರು. ಒಬ್ಬರು ರಕ್ತ ತರಾಕ ಓಡಿದ್ರು. ಡಾಕ್ಟರ್ ಉದಯಕುಮಾರ ಅಂತ, ವಯಸ್ಸಿನ್ನೂ ಸಣ್ಣದು, ಹೊಟ್ಟಿ ಮ್ಯಾಲೆ ಮಷೀನ್ ಆಡಿಸಿ ಒಳಗೆಲ್ಲರ ರಕ್ತ ಸೋರ್ತದೇನು ಅಂತ ನೋಡಿದ್ರು. "ಏಕ, ದೋನ, ತೀನ" ಅಂತ ಎಣಿಸಿ ಎಲ್ಲಾರೂ ಕೂಡಿ ದಿಮ್ಮಿ ಹೊಳ್ಳಿಸಿದಂಗ ಹೊಳ್ಳಿಸಿ ಬೆನ್ನು ನೋಡಿದ್ರು. ನಮ್ಮ ಮನಿ ಲಗ್ನದಾಗ ಇಷ್ಟು ಮಂದಿ ಒಂದು ಮಂಚದ ಸುತ್ತ ನಿಂತಿದ್ರ ಮೂರು ಜಗಳ ಆಗ್ತಿದ್ದೂ. ಅಲ್ಲಿ ಒಬ್ಬರ ಕೈ ಒಬ್ಬರಿಗೆ ತಾಗಲಿಲ್ಲ.

ಸೋನಾಬಾಯಿ ಅಂಗಿ ಕತ್ತರಿಸಿದ್ಳು, ಪ್ಯಾಂಟು ಕತ್ತರಿಸಿದ್ಳು. ತೊಡಿ ಪಟ್ಟಿ ತೊಯ್ದು ತೊಟ್ಟಿಕ್ಕಾಕತ್ತಿತ್ತು.

"ಮಾವಶೀ, ದಾಬೂನ ಧರಾ! ಸೋಡೂ ನಕಾ!" ಡಾಕ್ಟರು ಒದರಿದ್ರು. ಒತ್ತಿ ಹಿಡಿ, ಬಿಡಬ್ಯಾಡ ಅಂತ.

ಆಕಿ ಸ್ಟೂಲ್ ಮ್ಯಾಲೆ ಏರಿ, ಎರಡೂ ಅಂಗೈ ಒಂದರ ಮ್ಯಾಲೊಂದು ಇಟ್ಟು, ಮೈಭಾರ ಎಲ್ಲಾ ಹಾಕಿ ಒತ್ತಿದ್ಳು. ಒತ್ತಿಕೋತನೇ ಮಾತಾಡಿದ್ಳು.

"ಏ ತಮ್ಮಾ, ಕಣ್ಣ ಮುಚ್ಚಬ್ಯಾಡ. ಯಾವೂರು?"

"ಸೊಲ್ಲಾಪುರ..."

"ನಾ ಕುರನೂರಾಕಿ. ನಮ್ಮೂರ ಡ್ಯಾಮ್ ನೋಡಿಯೇನು?"

"ಹ್ಞೂಂ..."

"ಅದಕ್ಕಿಂತಾ ಘಟ್ಟಿ ಹಿಡಿದೀನಿ. ಸೋರೂದಿಲ್ಲ. ನೀ ಬರೇ ಮಾತಾಡಕೋತ ಇರು."

ನಡುವ ನಾ ತಡೀಲಾರದ ಅಂದ್ಯಾ, "ಯವ್ವಾ, ಒಂದೀಟ ಎತ್ತಿ ನೋಡು, ನಿಂತದೇನು?"

"ಎತ್ತಿ ನೋಡಿದ್ರ ನಿಂತದ್ದೂ ಹರೀತದರಿ ಸಾವಕಾರ್ರ. ಸರೀರಿ ಅತ್ತಾಗ."

ಆಪರೇಶನ್ ಥೇಟರ್ ಬಾಗಲಾ ದಾಟೂ ತನಕ ಆಕಿ ಕೈ ತಗೀಲಿಲ್ಲ. ಸ್ಟ್ರೆಚರ್ ಜೋಡಿ ಒತ್ತಿಕೋತ ನಡದ್ಳು. ನಾ ಒಂದು ತಾಸು ಅಂತ ಹೇಳಿಕೋತ ಬಂದೀನಿ. ಗಡಿಯಾರದ ಪ್ರಕಾರ ಇಪ್ಪತ್ತೆರಡು ಮಿನಿಟ. ಇಪ್ಪತ್ತೆರಡೇ ಇರ್ಲಿ. ಮಗಾ ಉಳಿದದ್ದು ಆ ಇಪ್ಪತ್ತೆರಡರಾಗ. ಇದನ್ನೆಲ್ಲಾ ನಾ ಗ್ವಾಡಿಗೆ ಆತು ನಿಂತು ಕಣ್ಣಾರೆ ನೋಡೀನಿ. ಅದಕ್ಕ ಮುಂದಿಂದು ಬರಿಯಾಕ ಕೈ ಬರವಲ್ದು.

ಲೀಲಾಬಾಯಿ, ಸೊಸಿ ಸಾರಿಕಾ ಬಂದಿದ್ರು. ಥೇಟರ್ ಒಳಗ ಒಯ್ಯೂವಾಗ ಸಾರಿಕಾ ಗಂಡನ್ನ ಒಂದು ಗಳಿಗಿ ನೋಡಿದ್ಳು.

"ಮಾವಾ! ಇವರ ಕೊಳ್ಳಾಗ ಲಿಂಗ ಇಲ್ಲ!" ಅಂದಾಕಿನ ನೆಲಕ್ಕ ಕುಂತಬಿಟ್ಳು.

ನಮ್ಮ ಮಂದ್ಯಾಗ ಅದು ಸಣ್ಣ ಮಾತಲ್ಲ. ಎಲ್ಲಾರೂ ನನ್ನ ಮಾರಿ ನೋಡಿದ್ರು. ನನಗ ಏನೂ ನೆನಪಿಲ್ಲ. "ಗೊತ್ತಿಲ್ಲ" ಅಂದಿದ್ರ ಮುಗೀತಿತ್ತು. ಆದ್ರ ಎಪ್ಪತ್ತಮೂರು ವರ್ಷದಾಗ ಈ ಬಾಯಿಂದ "ಗೊತ್ತಿಲ್ಲ" ಒಮ್ಮೆನೂ ಹೊರಬಿದ್ದಿದ್ದಿಲ್ಲ. ಅಷ್ಟರಾಗ ಥೇಟರ್ ಕಡಿಂದ ಸೋನಾಬಾಯಿ ಬಂದ್ಳು. ಮೊಳಕೈ ತನಕ ನನ್ನ ಮಗನ ರಕ್ತ. ಸೊಂಟದಾಗ ಸೀರಿ ಕೆಳಗ ಏನೋ ಉಬ್ಬಿತ್ತು.

"ಆಕಿನೇ! ಅಂಗಿ ಕತ್ತರಸೂವಾಗ ಶಿವದಾರಾನೂ ಕತ್ತರಿಸಿ ಸೊಂಟಕ್ಕ ಸಿಗಿಸ್ಕೊಂಡ್ಳು. ನಾ ಕಣ್ಣಾರೆ ನೋಡೀನಿ!"

ಹಿಂಗ ಅಂದ್ಯಾ. ಕ್ಯಾಜುವಲ್ಟಿ ಗಡಿಯಾರದ ಕೆಳಗ ನಿಂತು, ಎಲ್ಲಾರಿಗೂ ಕೇಳೂವಂಗ. ಕಥಿ ಹೇಳೂವಾಗ ಹೆಂಗ ಕೈ ಮಾಡಿ ತೋರಸ್ತೀನಿ, ಹಂಗ ಸೊಂಟಕ್ಕ ಹೆಂಗ ಸಿಗಿಸಿದ್ಳು ಅಂತಾನೂ ಮಾಡಿ ತೋರಿಸಿದ್ಯಾ.

ಸೋನಾಬಾಯಿ ತನ್ನ ಕೈ ಮುಂದ ಚಾಚಿದ್ಳು. "ಸಾವಕಾರ್ರ, ಒಂದು ಕೈಯಾಗ ಕತ್ತರಿ, ಒಂದು ಕೈಯಾಗ ಬಟ್ಟಿ. ಆಮ್ಯಾಲೆ ಎರಡೂ ಕೈ ನಿಮ್ಮ ಮಗನ ತೊಡಿ ಮ್ಯಾಲೆ. ಕಳವು ಮಾಡಾಕ ಮೂರನೇ ಕೈ ಎಲ್ಲಿಂದ ತರ್ಲಿ?"

ಯಾರೂ ಆ ಮಾತು ಹಿಡೀಲಿಲ್ಲ. ಬಿಳಿ ಧೋತರದ ಮುದುಕ, ತಲಿಗೆ ಪಟ್ಟಿ, ಕಣ್ಣಾಗ ನೀರು. ನನ್ನ ಮಾತೇ ನಡೀತು. ಇಬ್ಬರು ಹೆಣ್ಣಮಕ್ಕಳು ಆಕಿನ್ನ ಪಡದಾ ಹಿಂದ ಕರಕೊಂಡು ಹೋಗಿ ಸೊಂಟ, ಕುಪ್ಪಸ ಎಲ್ಲಾ ತಡವಿ ನೋಡಿದ್ರು. ಸಿಕ್ಕಿದ್ದು ಹಲ್ಲಿಗೆ ಹಚ್ಚೂ ಮಿಶ್ರಿ ತಂಬಾಕದ ಡಬ್ಬಿ. ಅವಾಗರ ಸುಮ್ಮನಾದ್ಯಾ? "ಯಾರಿಗೋ ದಾಟಿಸ್ಯಾಳ" ಅಂದ್ಯಾ. ವಾರ್ಡಿನ ಹಿರೇ ನರ್ಸು ಶಾರದಾ ಸಿಸ್ಟರ್, ಚೌಕಶಿ, ಅಂದ್ರ ವಿಚಾರಣಿ, ಮುಗಿಯೂ ತನಕ ಕ್ಯಾಜುವಲ್ಟಿಗೆ ಬರಬ್ಯಾಡ ಅಂತ ಹೇಳಿ ಆಕಿನ್ನ ಹಿತ್ತಲದಾಗ ಚಾದರ ಒಗಿಯೂ ಕೆಲಸಕ್ಕ ಹಾಕಿದ್ರು.

ಮರುದಿನ ಮುಂಜಾನೆ ಜಳಕಕ್ಕ ಕುಂತ್ಯಾ. ಬನಿಯನ್ ತಗದ್ಯಾ. ಎದಿ ಮ್ಯಾಲೆ ಎರಡು ಕರಡಗಿ.

ಒಂದು ನಂದು. ಇನ್ನೊಂದು ಸೋಮೇಶಂದು. ಗಂಟು ನೋಡಿದ್ರ ನಂದೇ, ಗಂಟಿನ ಮ್ಯಾಲೆ ಇನ್ನೊಂದು ಗಂಟು ಹಾಕೂ ಚಟಾ ನನಗೊಬ್ಬಗೇ ಅದ. ಲಿಂಗ ಮೈಬಿಟ್ಟು ಇರಬಾರದಲ್ಲ, ಅದಕ್ಕ ಗಾಡ್ಯಾಗ ತಗದು ನನ್ನ ಮೈಗೇ ಕಟ್ಟಿಕೊಂಡಿದ್ಯಾ. ಆಕಿ ಮ್ಯಾಲೆ ಕಳವು ಹೊರಿಸೂವಾಗ ಅದು ನನ್ನ ಎದಿ ಮ್ಯಾಲೇ ಇತ್ತು.

"ಎಷ್ಟೊತ್ರಿ ಜಳಕಾ? ಬಚ್ಚಲ ನುಂಗಿತೇನು?" ಲೀಲಾಬಾಯಿ ಒದರಿದ್ಳು.

ಬಂದು ಹೇಳಿಬಿಡಬೇಕಿತ್ತು. ಟಾವೆಲ್ಲಿನ ಮಡಿಕ್ಯಾಗ ಸುತ್ತಿ ದೇವರ ಜಗಲಿ ಹಿಂದ ಇಟ್ಯಾ. ಸಂಜಿಗೆ ಹೇಳಿದ್ರಾತು ಅಂದ್ಯಾ, ನಾಳೆ ಹೇಳಿದ್ರಾತು ಅಂದ್ಯಾ. ಬೀಗರು ಬಂದ್ರು, ಅಂಗಡಿ ಮಂದಿ ಬಂದ್ರು, "ಹೆಂಗಾತ್ರಿ?" ಅಂತ ಕೇಳಿದ್ರು. ಕಥಿ ನಿಲ್ಲಬೇಕಲ್ಲ! ಮೂರನೇ ದಿನಕ್ಕ ದವಾಖಾನ್ಯಾಗ ಲಿಂಗ ಕದಿಯೂ ಟೋಳಿನೇ ಹುಟ್ಟಿತ್ತು, ಸೋನಾಬಾಯಿ ಅದರ ನಾಯಕಿ. ಹೇಳಿ ಮುಗಿಸಿ ಒಳಗ ಹೋಗಿ ಜಗಲಿ ಹಿಂದ ಕೈ ಹಾಕಿ ಟಾವೆಲ್ ಮುಟ್ಟಿ ನೋಡ್ತಿದ್ಯಾ. ಹನ್ನೊಂದು ದಿನ ಹಿಂಗ ಮಾಡೀನಿ. ಆ ಹನ್ನೊಂದು ದಿನ ಆಕಿ ಮಂದಿ ರಕ್ತದ ಚಾದರ ತುಳದಾಳ.

ಹನ್ನೆರಡನೇ ದಿನ ಸೋಮೇಶ ಹಾಸಗ್ಯಾಗ ಎದ್ದು ಕುಂತ. ಮರುದಿನ ಜಂಗಮ ಅಯ್ಯನವರು ಬಂದು ಹೊಸಾ ಲಿಂಗ ಕಟ್ಟೂದಂತ ಠರಾವಾಗಿತ್ತು. ಸೋಮೇಶ ಅಂದ, "ಅಪ್ಪಾ, ಕನ್ನಡದಾಗ ಮಾತಾಡ್ಸಾಕತ್ತಿದ್ಳಲ್ಲ, ಕುರನೂರಾಕಿ, ಆಕಿನ್ನ ಕರಸು. ಲಿಂಗ ಕಟ್ಟೂವಾಗ ಆಕಿ ಇರಬೇಕು."

"ಲಿಂಗ ಕದ್ದಾಕಿನೇ ಆಕಿರಿ!" ಸಾರಿಕಾ ಅಂದ್ಳು.

ಸೋಮೇಶ ನನ್ನ ನೋಡಿದ. "ಆಕಿ ಕೈ ನನ್ನ ತೊಡಿ ಬಿಟ್ಟಿಲ್ಲಪ್ಪಾ. ನನಗ ಅದೊಂದೇ ಛಂದಂಗ ನೆನಪದ. ಅಂಗಿ ಕತ್ತರಸೂವಾಗ ಎದಿ ಮ್ಯಾಲೆ ಏನೂ ಇದ್ದಿದ್ದಿಲ್ಲ. ನೀ ಏನ ನೋಡಿದಿ?"

ಮನಿಗೆ ಹೋಗಿ ಟಾವೆಲ್ ತಗೊಂಡು, ನೆಟ್ಟಗ ದವಾಖಾನಿ ಹಿತ್ತಲಕ್ಕ ಹೋದ್ಯಾ. ಸೋನಾಬಾಯಿ ಸೀರಿ ಮ್ಯಾಲೆ ಕಟ್ಟಿ, ನೀರಿನ ಟಾಕ್ಯಾಗ ಇಳದು ಚಾದರ ತುಳ್ಯಾಕತ್ತಿದ್ಳು. ನೀರು ಕೆಂಪಿತ್ತು.

"ಏನ್ರಿ ಸಾವಕಾರ್ರ? ಇನ್ನೇನರ ಕಳದದೇನು?"

ಟಾವೆಲ್ ಬಿಚ್ಚಿ ಕರಡಗಿ ತೋರಿಸಿದ್ಯಾ. ನನ್ನ ಮೈಮ್ಯಾಲೇ ಇತ್ತು ಅಂದ್ಯಾ. ಹನ್ನೊಂದು ದಿನದ್ದೂ ಹೇಳಿದ್ಯಾ.

ಆಕಿ ಕಾಲು ನಿಲ್ಲಲಿಲ್ಲ. "ಸಿಕ್ಕಿತಲ್ಲ, ಛಲೋ ಆತು. ಹೋಗ್ರಿ."

"ತಪ್ಪಾತು ತಂಗಿ."

"ಇಲ್ಲಿ ಯಾರ ಮುಂದ ಹೇಳಾಕತ್ತೀರಿ? ಚಾದರಕ್ಕೇನು? ಅವತ್ತ ಗಡಿಯಾರದ ಕೆಳಗ ನಿಂತು ಹೇಳಿದ್ರಿ. ಪಡದಾ ಹಿಂದ ನನ್ನ ಮೈ ತಡವಿದ್ರು. ನನ್ನ ಗಂಡ ಕಿವುಡ, ಅವಗ ಸುದ್ದಿ ಮುಟ್ಟೂದಿಲ್ಲ ಅನ್ಕೊಂಡಿದ್ಯಾ. ಯಾರೋ ಕೈಸನ್ನಿ ಮಾಡಿ ತೋರಿಸಿದ್ರಂತ, ಹಿಂಗ ಸೊಂಟಕ್ಕ ಸಿಗಿಸ್ಕೊಂಡ್ಳು ಅಂತ." ಆಕಿ ಟಾಕಿ ಹತ್ತಿ ಬಂದು ಕಾಲು ಒರಸ್ಕೊಂಡ್ಳು. "ಅಲ್ಲೇ ನಡೀರಿ. ನಾನೂ ಬರ್ತೀನಿ. ನನಗೂ ಕೇಳಬೇಕಾಗೇದ."

ಆ ಕೈಸನ್ನಿ ಎಲ್ಲಿಂದ ಹೊಂಟಿತ್ತು ಅನ್ನೂದು ನನಗ ಗೊತ್ತಿತ್ತು.

ಕ್ಯಾಜುವಲ್ಟ್ಯಾಗ ಹೋದ್ರ ನನ್ನ ಮಾತು ಕೇಳಾಕ ಯಾರಿಗೆ ಪುರಸೊತ್ತು! ಟೆಂಪೋ ಮುಗಚಿ ಒಬ್ಬ ಹೆಣ್ಣಮಗಳನ್ನ ಅವಾಗೇ ತಂದಿದ್ರು. "ಆಜೋಬಾ, ಬಾಜೂಲಾ ವ್ಹಾ," ಅಜ್ಜಾ ಮಗ್ಗಲಕ್ಕ ಸರಿ, ಅಂತ ಶಾರದಾ ಸಿಸ್ಟರ್ ನನ್ನ ಗ್ವಾಡಿಗೆ ದಬ್ಬಿದ್ರು. ಡಾಕ್ಟರ್ ಉದಯಕುಮಾರ ತಲಿ ಎತ್ತಿ, ಸೋನಾಬಾಯಿ ಕಂಡಕೂಡ್ಲೆ ರೂಢಿ ಮ್ಯಾಲೆ "ಮಾವಶೀ, ಕಾತ್ರಿ!" ಅಂದ್ರು. ಸಿಸ್ಟರ್ ಬ್ಯಾಡ ಅನ್ನಲಿಲ್ಲ. ಸೋನಾಬಾಯಿ ಕೈ ತೊಳದು ಕತ್ತರಿ ತಗೊಂಡ್ಳು. ಕುಪ್ಪಸ ಎರಡು ಹೋಳಾತು. ಕೊಳ್ಳಾಗ ಮಂಗಳಸೂತ್ರ. ಪೇಶಂಟಿನ ಕಡಿಯವರು ಒಬ್ಬರೂ ಇನ್ನೂ ಬಂದಿದ್ದಿಲ್ಲ.

ಆಕಿ ಮಂಗಳಸೂತ್ರ ಬಿಚ್ಚಿ ಮ್ಯಾಲೆತ್ತಿ ಹಿಡದ್ಳು. ಆ ಧ್ವನಿ ಗೊತ್ತದಲ್ಲ, ಹೊರಗಿನ ಆಟೋದವರಿಗೂ ಕೇಳಿಸಿತು.

"ಸಾವಕಾರ್ರ, ಬರ್ರಿ ಮುಂದ! ನಿಮಗ ಕಣ್ಣು ಭಾಳ ಛಲೋ ಕಾಣ್ತಾವ. ಇದನ್ನ ಎಲ್ಲಿ ಇಡಾಕತ್ತೀನಿ, ನೋಡಿ ಸಾಕ್ಷಿ ಹೇಳ್ರಿ!"

ಡಬ್ಬಿಯೊಳಗ ಇಟ್ಟು ಸಿಸ್ಟರ್ ಕೈಗೆ ಕೊಟ್ಟು, ಆಕಿ ಮತ್ತ ಆ ಹೆಣ್ಣಮಗಳ ಕೈ ಗಾಯ ಒತ್ತಾಕ ಹೋದ್ಳು. ಎಲ್ಲಾರೂ ನನ್ನ ನೋಡಾಕತ್ತಿದ್ರು.

"ನಾ ಸಾಕ್ಷಿ ಹೇಳಾಕ ಲಾಯಕ್ ಮನಿಷ್ಯಾ ಅಲ್ಲರಿ," ಅಂದ್ಯಾ. ಟಾವೆಲ್ಲಿನಾಗಿನ ಕರಡಗಿ ಎತ್ತಿ ತೋರಿಸಿದ್ಯಾ. ಮೊದಲ ಕನ್ನಡದಾಗ, ಆಮ್ಯಾಲೆ ಹರಕು ಮುರಕು ಮರಾಠ್ಯಾಗ ಎಲ್ಲಾ ಹೇಳಿದ್ಯಾ. ಯಾರೂ ಬೈಲಿಲ್ಲ. ಬೈದಿದ್ರ ಅದಕ್ಕೊಂದು ಜವಾಬು ಸಿಗ್ತಿತ್ತು ನನಗ. ತಮ್ಮ ತಮ್ಮ ಕೆಲಸಕ್ಕ ಮಾರಿ ತಿರುಗಿಸಿದ್ರು.

ಪೇಶಂಟನ್ನ ಒಳಗ ಒಯ್ದ ಮ್ಯಾಲೆ ಸಿಸ್ಟರ್ ಒಂದು ಕಾಗದ ಕೊಟ್ರು. ಬರ್ದ್ಯಾ. ಸೋನಾಬಾಯಿ ಕೈ ಒರಸ್ಕೋತ ಬಂದು, "ಓದ್ರಿ" ಅಂದ್ಳು.

"ತಪ್ಪು ತಿಳುವಳಿಕೆಯಿಂದ ಸೋನಾಬಾಯಿಯವರ ಮೇಲೆ ಆರೋಪ ಮಾಡಿದ್ದೆ..."

"ನಿಂದರ್ರಿ. ತಪ್ಪು ತಿಳುವಳಿಕಿ ಅಂದ್ರ?"

"ಅಂದ್ರ... ನನಗ ಹಂಗ ಅನಿಸಿತ್ತು ಅಂತ."

"ಅನಿಸಿತ್ತು ಅಂತ ಅಂದಿದ್ದಿಲ್ಲ ನೀವು. ನೋಡೀನಿ ಅಂದ್ರಿ. ನೋಡಿದ್ರೇನು?"

"ಇಲ್ಲ."

"ಮತ್ತ ಅದನ್ನ ಬರೀರಿ."

ಹೊಡದು ಹಾಕಿ ಬರ್ದ್ಯಾ: ನಾನು ನೋಡಿಲ್ಲ. ನೋಡಿದೆ ಎಂದು ಸುಳ್ಳು ಹೇಳಿದೆ. ನನ್ನ ಜನ್ಮದಾಗ ಬಣ್ಣ ಹಚ್ಚದ ಬರ್ದ ಮೊದಲನೇ ಎರಡು ಸಾಲು. ಓದಿ ಹೇಳೂವಾಗ "ಸುಳ್ಳು" ಅನ್ನೂಕಡೆ ಧ್ವನಿ ಸಣ್ಣದಾತು. "ಜೋರಾಗಿ," ಅಂದ್ಳು. ಮತ್ತೊಮ್ಮೆ ಓದಿದ್ಯಾ.

ಅವತ್ತಿಂದ ಆಕಿ ಮತ್ತ ಕ್ಯಾಜುವಲ್ಟ್ಯಾಗ ಅದಾಳ. ಮರುದಿನ ಸೋಮೇಶನ ಹಳೇ ಲಿಂಗಾನೇ ಕಟ್ಟಿದ್ವಿ, ಆಕಿ ಬಂದು ಮೂಲ್ಯಾಗ ನಿಂತಿದ್ಳು. ಸೋಮೇಶ ಆಕಿಗೆ ಕೈ ಮುಗದ. ನನ್ನ ಜೋಡಿ ಎರಡು ದಿನ ಮಾತಾಡಲಿಲ್ಲ.

ಈಗ ಅವನ ಕಾಲು ತೋರಸಾಕ ತಿಂಗಳಿಗೊಮ್ಮೆ ಹೋಗ್ತೀವಿ. ಆಕಿ ಮೊದಲ ಸೋಮೇಶನ್ನ ನಾಕು ಹೆಜ್ಜಿ ನಡಿಸಿ ನೋಡ್ತಾಳ. ಆಮ್ಯಾಲೆ ನನ್ನ ಕಡೆ ಹೊಳ್ಳಿ, ಸ್ಟ್ರೆಚರ್ ದಬ್ಬಿಕೋತನೇ, ಇಡೀ ವಾರ್ಡಿಗೆ ಕೇಳೂವಂಗ ಒದರ್ತಾಳ.

"ಅಜ್ಜಾರ, ಇವತ್ತ ಎದಿ ಮ್ಯಾಲೆ ಎಷ್ಟದಾವ?"

ನಾ ಅಂಗಿ ಗುಂಡಿ ಬಿಚ್ಚಿ, ಕರಡಗಿ ಹೊರಗ ತಗದು, ಎಲ್ಲಾರ ಮುಂದ ಎತ್ತಿ ತೋರಸ್ತೀನಿ.

"ಒಂದೇ ಅದ ನೋಡವ್ವಾ."